ರಾಣಿ ಅಳಲಿಲ್ಲ ಅಂತ ಸಿಟ್ಟು

ನಮ್ಮಜ್ಜ ತೀರಿಕೊಂಡಾಗ ಅಜ್ಜಿ ಅಳಲಿಲ್ಲ. ಮಾತಾಡಿಸೋಕೆ ಬಂದ ಹೆಂಗಸರು "ಒಂದ್ಸಲ ಅತ್ತುಬಿಡವ್ವ, ಎದೆ ಹಗುರಾಗ್ತದೆ" ಅಂತ ಹೇಳಿ ಹೇಳಿ ಸೋತರು. ಜಗಲಿಗೆ ಬಂದವರೇ "ಎಂಥಾ ಕಲ್ಲೆದೆ ನೋಡು" ಅಂದರು. ಮೊನ್ನೆ ರಾತ್ರಿ 'ದಿ ಕ್ವೀನ್' ಸಿನಿಮಾ ಎರಡನೇ ಸಲ ನೋಡುವಾಗ ಆ ಜಗಲಿ ಮಾತೇ ಕಿವಿಯಲ್ಲಿತ್ತು.

2006ರ ಚಿತ್ರ, ಸ್ಟೀಫನ್ ಫ್ರಿಯರ್ಸ್ ನಿರ್ದೇಶನ. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್‌ಳ ಹೆಚ್ಚುಕಮ್ಮಿ ಒಂದೇ ವಾರದ ಕಥೆ. 1997ರ ಆಗಸ್ಟ್ 31ರಂದು ಪ್ಯಾರಿಸ್ಸಿನಲ್ಲಿ ಕಾರು ಅಪಘಾತವಾಗಿ ಆಕೆಯ ಮಾಜಿ ಸೊಸೆ ಡಯಾನಾ ತೀರಿಕೊಂಡಳು. ಸೆಪ್ಟೆಂಬರ್ 6ಕ್ಕೆ ಅಂತ್ಯಸಂಸ್ಕಾರ. ಲಂಡನ್ನಿನ ಅರಮನೆ ಗೇಟಿನ ಮುಂದೆ ಹೂವಿನ ರಾಶಿ, ರಾಣಿ ಮಾತ್ರ ದೂರದ ಸ್ಕಾಟ್ಲೆಂಡಿನ ತನ್ನ ಬಾಲ್ಮೋರಲ್ ಮನೆಯಲ್ಲಿ. ರಾಣಿ ಎಲ್ಲಿ, ಶೋಕಕ್ಕೆ ಬಾವುಟ ಯಾಕೆ ಅರ್ಧಕ್ಕೆ ಹಾರಿಸಿಲ್ಲ ಅಂತ ಪತ್ರಿಕೆಗಳದ್ದು ಒಂದೇ ಬೊಬ್ಬೆ.

ಈ ಬಾವುಟದ ಕಥೆ ಕೇಳಿ. ಆಗೆಲ್ಲ ರಾಣಿ ಒಳಗಿದ್ದರೆ ಮಾತ್ರ ಬಕಿಂಗ್‌ಹ್ಯಾಮ್ ಅರಮನೆ ಮೇಲೆ ರಾಜಧ್ವಜ, ಇಲ್ಲದಿದ್ದರೆ ಬೋಳು ಕಂಬ. ಆ ಧ್ವಜ ರಾಜನೇ ಸತ್ತರೂ ಅರ್ಧಕ್ಕೆ ಇಳಿಯುವುದಿಲ್ಲ, ಯಾಕೆಂದರೆ ಸಿಂಹಾಸನ ಒಂದು ಗಳಿಗೆಯೂ ಖಾಲಿ ಇರುವುದಿಲ್ಲವಂತೆ. ಶಾಸ್ತ್ರಪ್ರಕಾರ ಎಲ್ಲ ಸರಿ. ಜನಕ್ಕೆ ಕಂಡದ್ದು ಬೋಳು ಕಂಬ. ಕೊನೆಗೆ ಶವಯಾತ್ರೆಯ ದಿನ ದೇಶದ ಬಾವುಟ ಯೂನಿಯನ್ ಜಾಕ್ ಅರ್ಧಕ್ಕೆ ಹಾರಿತು.

ನಾನೇನೂ ರಾಜಮನೆತನಗಳ ಭಕ್ತನಲ್ಲ. ಜನರ ದುಡ್ಡಿನಲ್ಲಿ ಬದುಕುವವರು ಜನಕ್ಕೆ ಮುಖ ತೋರಿಸಲಿ ಅನ್ನುವ ವಾದವೂ ಅರ್ಥವಾಗುತ್ತದೆ. ಆದರೂ ಆ ವಾರದ ಮಟ್ಟಿಗೆ ನಾನು ರಾಣಿ ಕಡೆ. ಜೊತೆಗಿದ್ದದ್ದು ತಾಯಿ ಸತ್ತ ಮೊಮ್ಮಕ್ಕಳು, ಒಬ್ಬನಿಗೆ 15, ಇನ್ನೊಬ್ಬನಿಗೆ 12. ಸೂತಕದ ಮನೆಯವರು ಹೊರಗೆ ಬರಬೇಡಿ ಅನ್ನುವವರು ನಾವು. ಅಲ್ಲಿ ಹೊರಗೆ ಬರದಿದ್ದದ್ದೇ ಅಪರಾಧವಾಯಿತು. ಅದೂ ಯಾರ ಬಾಯಲ್ಲಿ? ಬದುಕಿದ್ದಷ್ಟು ದಿನ ಡಯಾನಾಳನ್ನು ಬೆನ್ನಟ್ಟಿ ತೆಗೆದ ಫೋಟೋಗಳನ್ನು ಮುಖಪುಟದಲ್ಲಿ ಮಾರಿದ ಪತ್ರಿಕೆಗಳ ಬಾಯಲ್ಲಿ. ತಮ್ಮ ಮೇಲೆ ಬೀಳಬೇಕಿದ್ದ ಕಲ್ಲನ್ನು ಅರಮನೆ ಕಡೆ ತಿರುಗಿಸಿದ ಚಾಲಾಕಿತನ ಮೆಚ್ಚಬೇಕು!

ಸಿನಿಮಾದಲ್ಲಿ ಒಂದು ದೃಶ್ಯವಿದೆ. ಹಳ್ಳ ದಾಟುವಾಗ ರಾಣಿಯ ಲ್ಯಾಂಡ್ ರೋವರ್ ಕೆಟ್ಟು ನಿಲ್ಲುತ್ತದೆ. ಯುದ್ಧಕಾಲದಲ್ಲಿ ಮೆಕ್ಯಾನಿಕ್ ಕೆಲಸ ಕಲಿತವಳು; ಏನು ಮುರಿದಿದೆ ಅಂತ ಫೋನಿನಲ್ಲಿ ತಾನೇ ಹೇಳುತ್ತಾಳೆ. ಆಮೇಲೆ ಒಬ್ಬಳೇ ಕೂತು ಅಳುತ್ತಾಳೆ. ಕ್ಯಾಮೆರಾ ಬೆನ್ನ ಹಿಂದೆಯೇ ನಿಂತಿದೆ, ಮುಂದೆ ಬರುವುದಿಲ್ಲ. ರಾಣಿಯ ಪಾತ್ರ ಮಾಡಿದ ಹೆಲೆನ್ ಮಿರೆನ್‌ಗೆ ಆಸ್ಕರ್ ಕೊಟ್ಟವರು ಮುಖ ನೋಡಿ ಕೊಟ್ಟರೋ ಏನೋ, ನನ್ನ ಓಟು ಆ ಬೆನ್ನಿಗೆ. (ಅದರ ಬೆನ್ನಿಗೇ ಬರುವ ಸಾರಂಗ ನನಗೆ ತುಸು ಅತಿ ಅನಿಸಿತು. ಇರಲಿ.)

ಸೆಪ್ಟೆಂಬರ್ 5ರ ಸಂಜೆ ರಾಣಿ ಟೀವಿಯಲ್ಲಿ ನೇರವಾಗಿ ಮಾತಾಡಿದಳು. ನಿಮ್ಮ ರಾಣಿಯಾಗಿ, ಒಬ್ಬ ಅಜ್ಜಿಯಾಗಿ ಹೇಳುತ್ತಿದ್ದೇನೆ ಅಂದಳು. ಸಿನಿಮಾ ಪ್ರಕಾರ ಆ 'ಅಜ್ಜಿ' ಸೇರಿಸಿದ್ದು ಆಗಿನ ಪ್ರಧಾನಿ ಟೋನಿ ಬ್ಲೇರ್ ಕಡೆಯವರು. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ಅಷ್ಟು ದಿನ ಬಾಲ್ಮೋರಲ್‌ನಲ್ಲಿ ಆಕೆ ಅಜ್ಜಿಯಾಗಿಯೇ ಕೂತಿದ್ದಳಲ್ಲ ಮಾರಾಯ್ರೆ!