ಹೆಚ್ಚಿನ ವೆಚ್ಚವೇನೂ ಇಲ್ಲ!

ನಮ್ಮೂರ ಪಂಚಾಯ್ತಿಯವರು ಮಾರಮ್ಮನ ಗುಡಿ ಮುಂದೆ ಮೂವತ್ತು ಮೀಟರ್ ಚರಂಡಿ ಮಾಡಿಸಲು ಹೊರಟು ಎರಡು ವರ್ಷವಾಯಿತು. ಮೊದಲು ಎಸ್ಟಿಮೇಟ್ ಆಗಬೇಕು. ಅದು ಎಸ್.ಆರ್. ದರಕ್ಕೇ, ಅಂದರೆ ಸರ್ಕಾರಿ ದರಪಟ್ಟಿಯ ದರಕ್ಕೇ ಇರಬೇಕು. ಮಣ್ಣು ಅಗೆಯಲು ಘನ ಮೀಟರಿಗೆ ಎಷ್ಟು, ಜಲ್ಲಿಗೆ ಎಷ್ಟು, ಸಿಮೆಂಟಿಗೆ ಎಷ್ಟು, ಎಲ್ಲ ಬರೆಯಬೇಕು. ಆಮೇಲೆ ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ. ಕೆಲಸ ಮುಗಿದ ಮೇಲೂ ಎಂ.ಬಿ. ಅನ್ನುವ ಅಳತೆ ಪುಸ್ತಕದಲ್ಲಿ ಲೆಕ್ಕ ಏರಿದರೆ ಮಾತ್ರ ಬಿಲ್ಲು. ನನ್ನ ಭಾವಮೈದ ಅಲ್ಲಿ ಮೆಂಬರು. ಪಾಪ, ಅಲೆದೂ ಅಲೆದೂ ಚಪ್ಪಲಿ ಸವೆಸಿದ್ದಾನೆ.

ಇರಲಿ, ಸರ್ಕಾರದ ದುಡ್ಡು, ಲೆಕ್ಕ ಕೇಳಬೇಕಾದ್ದೇ. ಈಗ ವಿಧಾನಸೌಧದ ಕಡೆ ಬನ್ನಿ.

ಅಲ್ಲಿ ಮಂಡನೆಯಾಗುವ ಮಸೂದೆಯ ಕೊನೆಯ ಪುಟಗಳಲ್ಲಿ 'ಆರ್ಥಿಕ ಜ್ಞಾಪನ ಪತ್ರ' ಅಂತ ಒಂದು ಇರುತ್ತದೆ. ಈ ಕಾನೂನು ಬಂದರೆ ಖಜಾನೆಗೆ ಎಷ್ಟು ಹೊರೆ ಅಂತ ಹೇಳುವ ಜಾಗ ಅದು. ಎಷ್ಟೋ ಮಸೂದೆಗಳಲ್ಲಿ ಅಲ್ಲಿರುವುದು ಒಂದೇ ಸಾಲು. ಇದರಿಂದ ಹೆಚ್ಚಿನ ವೆಚ್ಚವೇನೂ ಇಲ್ಲ. ಮುಗಿಯಿತು. ಜಲ್ಲಿಯೂ ಇಲ್ಲ, ಸಿಮೆಂಟೂ ಇಲ್ಲ.

ಇದರಲ್ಲಿ ಒಂದು ಅನುಕೂಲವೂ ಇದೆ ಅನ್ನಿ. ಸಂಚಿತ ನಿಧಿಯಿಂದ, ಅಂದರೆ ರಾಜ್ಯದ ಖಜಾನೆಯಿಂದ, ಖರ್ಚು ಬೇಡುವ ಮಸೂದೆಯನ್ನು ಪಾಸು ಮಾಡಲು ರಾಜ್ಯಪಾಲರ ಶಿಫಾರಸು ಬೇಕು ಅನ್ನುತ್ತದೆ ಸಂವಿಧಾನದ 207ನೇ ವಿಧಿ. ಖರ್ಚೇ ಇಲ್ಲ ಅಂದುಬಿಟ್ಟರೆ ಆ ಓಡಾಟವೂ ಉಳಿಯಿತಲ್ವಾ?

ದೆಹಲಿಯವರು ಇನ್ನೂ ಜಾಣರು. ಶಿಕ್ಷಣ ಹಕ್ಕು ಮಸೂದೆ ತಂದಾಗ ಅವರು ಸುಳ್ಳು ಹೇಳಲಿಲ್ಲ. ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಲು ಆಗುವುದಿಲ್ಲ ಅಂತ ಜ್ಞಾಪನ ಪತ್ರದಲ್ಲೇ ಬರೆದರು. ಮದುವೆ ಛತ್ರಕ್ಕೆ ಅಡ್ವಾನ್ಸ್ ಕೊಟ್ಟು, ಎಷ್ಟು ಎಲೆ ಬೀಳುತ್ತದೋ ಗೊತ್ತಿಲ್ಲ ಅಂದ ಹಾಗೆ. 2009ರಲ್ಲಿ ಕಾನೂನಾಯಿತು. ಖಾಸಗಿ ಶಾಲೆಯ ಶೇ. 25 ಸೀಟು ಬಡ ಮಕ್ಕಳಿಗೆ, ಶುಲ್ಕ ಸರ್ಕಾರದ್ದು. ಲೆಕ್ಕಕ್ಕೆ ಸಿಗದಿದ್ದ ಖರ್ಚು ಆಮೇಲೆ ಬಿಲ್ಲಿನ ರೂಪದಲ್ಲಿ ತಾನಾಗಿ ಮನೆಬಾಗಿಲಿಗೆ ಬಂತು. 2019ರ ಹೊತ್ತಿಗೆ ನಮ್ಮ ಕರ್ನಾಟಕ ನಿಯಮವನ್ನೇ ತಿದ್ದಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಈ ಸೀಟು ಇಲ್ಲ. ಊಟಕ್ಕೆ ಕರೆದು, ಎರಡನೇ ಪಂಕ್ತಿಗೆ ಬಾಗಿಲು ಹಾಕಿದರು.

ಚೆಕ್ ಬೌನ್ಸ್ ಕಥೆಯಂತೂ ಕೇಳಲೇಬೇಡಿ. ಚೆಕ್ಕು, ಹುಂಡಿಗಳ ಬಗ್ಗೆ ಇರುವ 1881ರ ಹಳೇ ಕಾಯ್ದೆಗೆ 1988ರಲ್ಲಿ 138ನೇ ಸೆಕ್ಷನ್ ಸೇರಿಸಿ, ಚೆಕ್ ಬೌನ್ಸ್ ಆದರೆ ಜೈಲು ಅಂದರು. ಸರಿ, ಆ ಕೇಸು ಕೇಳಲು ಜಡ್ಜು ಬೇಕು, ಕೋರ್ಟ್ ಹಾಲ್ ಬೇಕು, 'ಹಾಜರ್ ಹೈ' ಅಂತ ಕೂಗುವವನಾದರೂ ಬೇಕು. 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಕೇಸುಗಳಲ್ಲಿ 35.16 ಲಕ್ಷ ಬರೀ ಚೆಕ್ಕಿನವೇ. ಹೊಸ ಕಾನೂನು ಮಾಡುವಾಗ ಕೋರ್ಟಿನ ಖರ್ಚನ್ನೂ ಜ್ಞಾಪನ ಪತ್ರದಲ್ಲಿ ಬರೆಯಿರಿ ಅಂತ ಕಾನೂನುಗಳಿಂದ ಕೋರ್ಟಿಗೆ ಬೀಳುವ ಹೊರೆಯನ್ನು ನೋಡಿದ ನ್ಯಾಯಮೂರ್ತಿ ಜಗನ್ನಾಥ ರಾವ್ ಅವರ ಕಾರ್ಯಪಡೆ 2008ರಲ್ಲೇ ಹೇಳಿತ್ತು. ವರದಿ ಭದ್ರವಾಗಿದೆ.

ಹಾಗಂತ ನಮ್ಮವರಿಗೆ ಲೆಕ್ಕ ಬರುವುದಿಲ್ಲ ಅನ್ನಬೇಡಿ. ಬಾಯಿಗೆ ಹುಳ ಬಿದ್ದೀತು. 2025ರ ಮಾರ್ಚಿನಲ್ಲಿ ಸದನದಲ್ಲಿ ಗದ್ದಲವೋ ಗದ್ದಲ. ಯಾರ ಮಾತೂ ಯಾರಿಗೂ ಕೇಳಿಸದ ಆ ಹೊತ್ತಿನಲ್ಲೇ, ಚರ್ಚೆಯಿಲ್ಲದೆ, ಸಂಬಳದ ಮಸೂದೆಗಳು ಪಾಸಾದವು. ಶಾಸಕರ ಸಂಬಳ 40,000ದಿಂದ 80,000ಕ್ಕೆ. ಮುಖ್ಯಮಂತ್ರಿಗೆ 75,000ದಿಂದ ಒಂದೂವರೆ ಲಕ್ಷಕ್ಕೆ. ಎಷ್ಟು ಚೊಕ್ಕ ಗುಣಾಕಾರ ನೋಡಿ! ಅಷ್ಟು ಗಲಾಟೆಯಲ್ಲೂ ಒಂದು ಸೊನ್ನೆ ಆಚೀಚೆ ಆಗಲಿಲ್ಲ.

ಇದನ್ನೆಲ್ಲ ನಾನು ಸುಮ್ನೆ ಭಾವಮೈದನಿಗೆ ಹೇಳಿದೆ. ಅವನಿಗೆ ಐಡಿಯಾ ಹೊಳೆಯಿತು. ಮರುದಿನವೇ ಇಂಜಿನಿಯರ್ ಹತ್ತಿರ ಹೋಗಿ, "ಸಾರ್, ಎಸ್ಟಿಮೇಟ್ ಗೊಡವೆಯೇ ಬೇಡ. ಹೆಚ್ಚಿನ ವೆಚ್ಚವೇನೂ ಇಲ್ಲ ಅಂತ ಒಂದು ಸಾಲು ಬರ್ಕೊಳ್ಳಿ" ಅಂದನಂತೆ.

ಇಂಜಿನಿಯರ್ ಕನ್ನಡಕ ಕೆಳಗಿಟ್ಟು ನಕ್ಕರಂತೆ. "ಆ ಸಾಲು ಬರೆಯೋಕೆ ನಮಗೆ ಪವರ್ ಇಲ್ಲ ಗೌಡ್ರೇ. ನಿಮ್ಮದು ಬರೀ ಚರಂಡಿ."