ಬಸ್ ಇಳಿದ ಮೇಲಿನ ಅರ್ಧ ಕಿಲೋಮೀಟರ್

ಹುಬ್ಬಳ್ಳಿ-ಧಾರವಾಡದ ನಡುವೆ ರಸ್ತೆಯ ಮಧ್ಯದಲ್ಲಿ ತನ್ನದೇ ಲೇನಿನಲ್ಲಿ ಓಡುವ ಬಸ್ಸು ಚಿಗರಿ. ಆ ಲೇನನ್ನು ಎಲ್ಲ ಗಾಡಿಗಳಿಗೂ ಬಿಡಬೇಕು ಅನ್ನುವ ವಾದ ನಮ್ಮಲ್ಲಿ ಹಳೆಯದು. ಟ್ರಾಫಿಕ್ ಜಾಸ್ತಿಯಾದಾಗಲೆಲ್ಲ ಮತ್ತೆ ಎದ್ದು ಕೂರುತ್ತದೆ. "ನಡುವಿನ ರಸ್ತೆ ಖಾಲಿ ಬಿದ್ದಿರ್ತದ, ನಾವ್ ಬಾಜೂಕ ಹೊಗಿ ಕುಡಕೋತ ನಿಂತಿರ್ತೀವಿ" ಅಂತ ಕಾರಿನವರು. "ಇರೋದೊಂದು ಚೊಲೋ ಬಸ್ಸು, ಅದನ್ನೂ ಕೆಡಸಬ್ಯಾಡ್ರಿ" ಅಂತ ಬಸ್ಸಿನವರು. ನಾನು ಎರಡನೇ ಗುಂಪಿನವಳು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾಮೆಂಟಿನಲ್ಲಿ ಕೇಳಬೇಡಿ.

ಲೇನ್ ಖಾಲಿ ಕಾಣುತ್ತದೆ, ನಿಜ. ಬಸ್ ಎಲ್ಲೂ ಸಿಕ್ಕಿಹಾಕಿಕೊಳ್ಳದೆ ಓಡಿಹೋದರೆ ಅದರ ಹಿಂದಿನ ರಸ್ತೆ ಖಾಲಿಯೇ ಕಾಣಬೇಕು ಅಲ್ವಾ? ಒಂದು ಬಸ್ಸಿನಲ್ಲಿ ಅರವತ್ತು ಜನ ಹೋದರು. ಅದೇ ಅರವತ್ತು ಜನ ಕಾರಿನಲ್ಲಿ ಹೊರಟರೆ ಉಣಕಲ್ ಕ್ರಾಸಿನಿಂದ ಎಲ್ಲೀವರೆಗೆ ಸಾಲು ನಿಲ್ಲುತ್ತದೆ, ನೀವೇ ಲೆಕ್ಕ ಹಾಕಿ. ಬೇಂದ್ರೆ ಅನ್ನುವ ಖಾಸಗಿ ಬಸ್ಸಿಗೆ ಕಾಯುತ್ತ ಬೆಳೆದ ನನ್ನ ಓರಗೆಯವರಿಗೆ 2018ರ ಅಕ್ಟೋಬರ್‌ನಲ್ಲಿ ಚಿಗರಿ ಓಡಲು ಶುರುವಾದದ್ದು ಸಣ್ಣ ಸಂಗತಿಯಾಗಿರಲಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಎಸಿ ಬಸ್ಸು, ಮೈ ತಿಕ್ಕಾಟವಿಲ್ಲದೆ ಕೂತು ಹೋಗಬಹುದು. ರಾತ್ರಿ ಒಂಬತ್ತಕ್ಕೆ ಒಬ್ಬಳೇ ಹತ್ತಲು ನನಗೆ ಒಂದು ದಿನವೂ ಹೆದರಿಕೆ ಆಗಿಲ್ಲ.

ಇಳಿಯುವಾಗ ಆಗುತ್ತದೆ. ಈ ವಾದದಲ್ಲಿ ಯಾರೂ ಎತ್ತದ ಮಾತು ಅದು. ಕಾರಿನವರು ಲೇನ್ ಅಂತಾರೆ, ಬಸ್ಸಿನವರು ಲೇನ್ ಅಂತಾರೆ. ಬಸ್ ಇಳಿದ ಮೇಲೆ ಮನೆ ಮುಟ್ಟುವವರೆಗಿನ ಅರ್ಧ ಕಿಲೋಮೀಟರ್ ಯಾರ ಲೆಕ್ಕದಲ್ಲೂ ಇಲ್ಲ.

ನಮ್ಮ ಲೇಔಟಿನದನ್ನೇ ಹೇಳುತ್ತೇನೆ. ಚಿಗರಿ ನಿಲ್ದಾಣ ರಸ್ತೆಯ ನಟ್ಟನಡುವೆ. ಅಲ್ಲಿಂದ ಪಕ್ಕಕ್ಕೆ ಬರಲು ಜೋರಾಗಿ ಬರುವ ಗಾಡಿಗಳ ನಡುವೆ ದಾಟಬೇಕು. ಸಿಗ್ನಲ್ ಇದ್ದಲ್ಲಿ ಬೈಕಿನವರು ಕೆಂಪು ದೀಪವನ್ನು ಅಲಂಕಾರಕ್ಕೆ ಹಾಕಿದ್ದಾರೆ ಅಂದುಕೊಂಡಿದ್ದಾರೆ. ದಾಟಿದ ಮೇಲೆ ಸರ್ವಿಸ್ ರಸ್ತೆಯ ಅಂಚಿಗೆ ಗಟಾರ, ಅದರ ಮೇಲೆ ಫರಶಿ. ಅದೇ ಫುಟ್‌ಪಾತ್. ಮೂರನೇ ಫರಶಿ ಅಲುಗಾಡುತ್ತದೆ, ಆರನೇದು ಇಲ್ಲವೇ ಇಲ್ಲ. ಆಮೇಲೆ ಟ್ರಾನ್ಸ್‌ಫಾರ್ಮರ್ ಬರುತ್ತದೆ, ಅಲ್ಲಿ ರಸ್ತೆಗೆ ಇಳಿಯಲೇಬೇಕು. ತಿರುವು ದಾಟಿದರೆ ಎಡಕ್ಕೂ ಬಲಕ್ಕೂ ಖಾಲಿ ಪ್ಲಾಟುಗಳು. ಮಾಲೀಕರು ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದಾರೆ, ಪ್ಲಾಟಿನಲ್ಲಿ ಜಾಲಿ ಕಂಟಿ, ಎದೆಮಟ್ಟ ಕಾಂಗ್ರೆಸ್ ಕಸ, ನಾಯಿ ಹಿಂಡು. ಲೈಟಿನ ಕಂಬ ಇದೆ. ಒಂದು ಕಂಬ ಬಿಟ್ಟು ಒಂದು ಉರಿಯುತ್ತದೆ, ಉರಿಯುವುದರ ಬೆಳಕನ್ನು ಗುಲ್‌ಮೊಹರ್ ಮರ ನುಂಗುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು. ಎದುರುಬದುರು ಎರಡು ಗಾಲಿಕುರ್ಚಿ ಬಂದರೂ ಹೋಗಬೇಕು ಅನ್ನುವ ಲೆಕ್ಕ. ನಮ್ಮಲ್ಲಿ ಎರಡು ಬೆಕ್ಕು ಎದುರಾದರೂ ಒಂದು ಗಟಾರಕ್ಕೆ ಇಳಿಯಬೇಕು.

ಆ ತಿರುವಿನಲ್ಲಿ ಒಂದು ಗಿರ್ಮಿಟ್ ಗಾಡಿ ಇತ್ತು. ಗಂಡ-ಹೆಂಡತಿ ನಡೆಸುತ್ತಿದ್ದರು. ಸಂಜೆ ಐದರಿಂದ ಹತ್ತರವರೆಗೆ ಬ್ಯಾಟರಿಗೆ ಹಾಕಿದ ಒಂದು ಬಿಳಿ ಬಲ್ಬು, ಮಿರ್ಚಿ ಕರಿಯುವ ವಾಸನೆ, ಸುತ್ತ ಏಳೆಂಟು ಜನ. ನಾನು ತಿನ್ನಲಿ ಬಿಡಲಿ, ಆ ಹೆಂಗಸು, ನಮಗೆಲ್ಲ ಕಾಕೂ, ತಲೆ ಎತ್ತಿ "ಅಕ್ಕಾರ, ಇವತ್ತ ಭಾಳ ತಡಾ ಆತಲ್ರೀ" ಅನ್ನುತ್ತಿದ್ದರು. ಪಿಜಿಯ ಹುಡುಗಿಯರು ಅಲ್ಲಿ ನಿಂತು ಒಬ್ಬರಿಗೊಬ್ಬರು ಕಾದು ಜೊತೆಯಾಗಿ ಒಳಗೆ ಹೋಗುತ್ತಿದ್ದರು. ಒಂದು ದಿನ ಅತಿಕ್ರಮಣ ಅಂತ ಗಾಡಿ ಎತ್ತಿಸಿದರು. ರಸ್ತೆ ಅಗಲವಾಯಿತು ಅಂತ ನಮ್ಮ ಲೇಔಟಿನ ಗ್ರೂಪಿನಲ್ಲಿ ಥಂಬ್ಸ್ ಅಪ್ ಬಂದವು. ಈಗ ಅಲ್ಲಿ ಒಂದು ಇನೋವಾ ನಿಲ್ಲುತ್ತದೆ. ಅದು ಅತಿಕ್ರಮಣ ಅಲ್ಲವಂತೆ, ಪಾರ್ಕಿಂಗ್ ಅಂತೆ. ಪಿಜಿ ಹುಡುಗಿಯರು ಈಗ ನಿಲ್ದಾಣದಿಂದಲೇ ಆಟೋ ಹಿಡಿಯುತ್ತಾರೆ. ಐದು ನಿಮಿಷದ ನಡಿಗೆಗೆ ಆಟೋದವನು ಐವತ್ತು ಕೇಳುತ್ತಾನೆ. ಬಸ್ಸಿಗೆ ಅಷ್ಟು ಕೊಟ್ಟಿರುವುದಿಲ್ಲ.

ಆ ಬಿಳಿ ಬಲ್ಬಿನ ಗಾಡಿ ಪುಕ್ಕಟೆ ಮಾಡುತ್ತಿದ್ದ ಕೆಲಸವನ್ನು ಈಗ ಕ್ಯಾಮೆರಾ ಮಾಡುತ್ತದೆ ಅಂತ ನಮಗೆ ಹೇಳುತ್ತಾರೆ. ಸಿಸಿಟಿವಿ ಬೇಡ ಅನ್ನುತ್ತಿಲ್ಲ. ಆದರೆ ಕ್ಯಾಮೆರಾ ನೋಡುವುದು ಏನಾದರೂ ಆದ ಮೇಲೆ. ಕಾಕೂ ನೋಡುತ್ತಿದ್ದದ್ದು ಮೊದಲು. ಯಾರೋ ಬೈಕಿನಲ್ಲಿ ಎರಡು ಸಲ ಸುತ್ತು ಹೊಡೆದರೆ ಅವರಿಗೆ ಗೊತ್ತಾಗುತ್ತಿತ್ತು, ಬಾಯಿ ಮಾಡುತ್ತಿದ್ದರು.

2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಹುಡುಗಿಯರ ಕೊಲೆಯಾಯಿತು. ಇಡೀ ರಾಜ್ಯ ಮಾತಾಡಿತು, ರಾಜಕೀಯದವರು ಸಾಲುಗಟ್ಟಿ ಬಂದುಹೋದರು. ಒಂದು ನಡೆದದ್ದು ಹಾಡಹಗಲು ಕಾಲೇಜಿನ ಆವರಣದಲ್ಲಿ. ಇನ್ನೊಂದು ಬೆಳಗಿನ ಜಾವ ಮನೆಯೊಳಗೆ. ಎರಡರಲ್ಲೂ ಕತ್ತಲ ರಸ್ತೆ ಇರಲಿಲ್ಲ. ಆದರೂ ನಮ್ಮ ಸುತ್ತಮುತ್ತಲ ಮನೆಗಳಲ್ಲಿ ಆದದ್ದೇನು? ಹುಡುಗಿಯರಿಗೆ ಏಳು ಗಂಟೆಯೊಳಗೆ ಮನೆ ಸೇರಬೇಕು ಅನ್ನುವ ಕಟ್ಟಪ್ಪಣೆ. ಕಂಪ್ಯೂಟರ್ ಕ್ಲಾಸ್ ಬಿಡಿಸಿದರು, ಸಂಜೆ ಪಾಳಿಯ ಕೆಲಸ ಬಿಡಿಸಿದರು. ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ, ನನಗೂ ತಂಗಿ ಇದ್ದಾಳೆ. ಆದರೆ ಎಂಟು ಗಂಟೆಯ ರಸ್ತೆಯಿಂದ ಹತ್ತು ಹೆಣ್ಣುಮಕ್ಕಳು ಮಾಯವಾದರೆ ಹನ್ನೊಂದನೆಯವಳು ಅಲ್ಲಿ ಒಬ್ಬಳೇ ಆಗುತ್ತಾಳೆ. ಇದನ್ನು ಯಾವ ಅಪ್ಪನೂ ಲೆಕ್ಕ ಹಾಕುವುದಿಲ್ಲ.

ಅಂಗಡಿ ಮುಚ್ಚಿಸುವ ವಿಷಯವೂ ಇದಕ್ಕೇ ಬಂದು ಸೇರುತ್ತದೆ. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳು 24 ತಾಸೂ ತೆರೆದಿರಬಹುದು ಅಂತ ಆದೇಶ ಮಾಡಿತು. ಹತ್ತು ಜನ! ಅಂದರೆ ದೊಡ್ಡ ಶೋರೂಮು ರಾತ್ರಿಯಿಡೀ ದೀಪ ಉರಿಸಬಹುದು, ಗಂಡ-ಹೆಂಡತಿ ನಡೆಸುವ ಚಾ ಅಂಗಡಿ ಆ ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿ ನಡೆದು ಹೋಗುವವರಿಗೆ ಯಾವುದರ ಬೆಳಕು ಬೇಕು ಹೇಳಿ. ಶೋರೂಮು ನಮ್ಮ ತಿರುವಿನಲ್ಲಂತೂ ಇಲ್ಲ.

ದುಡ್ಡಿಲ್ಲ ಅಂತ ಮಾತ್ರ ಯಾರೂ ಹೇಳಬಾರದು. ಸ್ಮಾರ್ಟ್ ಸಿಟಿ ಯೋಜನೆ 2015ರಲ್ಲಿ ಶುರುವಾಗಿ 2025ರ ಮಾರ್ಚ್‌ಗೆ ಮುಗಿಯಿತು. ಕರ್ನಾಟಕದ ಏಳು ನಗರಗಳಲ್ಲಿ ನಮ್ಮದೂ ಒಂದು. ಒಳ್ಳೆಯ ಕೆಲಸ ಆಗಲೇ ಇಲ್ಲ ಅನ್ನುವವಳಲ್ಲ ನಾನು. ತೋಳನಕೆರೆ ಕಡೆಯ ಟೆಂಡರ್‌ಶ್ಯೂರ್ ರಸ್ತೆಯಲ್ಲಿ, ಅಂದರೆ ಪೈಪು-ಕೇಬಲ್ಲು ನೆಲದೊಳಗೆ ಹಾಕಿ ಅಗಲ ಫುಟ್‌ಪಾತ್ ಮಾಡಿದ ರಸ್ತೆಯಲ್ಲಿ, ನಡೆದು ನೋಡಿ, ಹಾಯಾಗುತ್ತದೆ. ಉಣಕಲ್ ನಾಲಾದ ಗುಂಟ ನಡಿಗೆಗೂ ಸೈಕಲ್ಲಿಗೂ ದಾರಿ ಮಾಡುವ ಯೋಜನೆಗೆ ಫ್ರಾನ್ಸಿನವರ ನೆರವೂ ಬಂತು. ಆದರೆ ಇವೆಲ್ಲ ಅಲ್ಲೊಂದು ಇಲ್ಲೊಂದು ತುಂಡು. ವಾಕಿಂಗಿಗೆ ಹೋಗುವವರಿಗೆ ಚಂದ. ಕೆಲಸದಿಂದ ಮನೆಗೆ ನಡೆಯುವವರಿಗೆ ಆ ತುಂಡು ಸಿಗುವುದೇ ಇಲ್ಲ. ಶಿವಮೊಗ್ಗದಲ್ಲಿ ಇದೇ ದುಡ್ಡಿನಲ್ಲಿ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳನ್ನು ಸರಿ ಮಾಡಿದರು. ಕಸ ಬೀಳುತ್ತಿದ್ದ ಜಾಗ ಓಡಾಡುವ ದಾರಿಯಾಯಿತು. ಉದ್ಘಾಟನೆಗೆ ಡ್ರೋನ್ ಹಾರಿಸಿದರೂ ಅಂಥಾದ್ದು ಫೋಟೊದಲ್ಲಿ ಚಂದ ಬರುವುದಿಲ್ಲ, ಅದೇ ಕಷ್ಟ.

ಫ್ಲೈಓವರ್ ಚಂದ ಬರುತ್ತದೆ. ಚೆನ್ನಮ್ಮ ಸರ್ಕಲ್ಲಿನದು ಎಷ್ಟು ವರ್ಷದಿಂದ ಏಳುತ್ತಿದೆ ಅಂತ ಊರಿಗೇ ಗೊತ್ತು. 2024ರ ಸೆಪ್ಟೆಂಬರ್‌ನಲ್ಲಿ ಅದರ ಕೆಳಗೆ ಹೋಗುತ್ತಿದ್ದ ಎಎಸ್‌ಐ ಒಬ್ಬರ ತಲೆ ಮೇಲೆ ಕಬ್ಬಿಣದ ರಾಡ್ ಬಿದ್ದು, ಕೆಲವು ದಿನಕ್ಕೆ ತೀರಿಕೊಂಡರು. ಮುಗಿದ ಮೇಲೆ ಗಾಡಿಗಳು ಮೇಲೆ ಸುಯ್ಯಂತ ಹೋಗುತ್ತವೆ, ಒಪ್ಪೋಣ. ಕೆಳಗೆ ಬಸ್ ಸ್ಟ್ಯಾಂಡಿನಿಂದ ಮಾರ್ಕೆಟ್ಟಿಗೆ ದಾಟುವ ಅಜ್ಜಿಗೆ ಏನು ಸಿಗುತ್ತದೆ? ಕಂಬಗಳ ನಡುವಿನ ಕತ್ತಲು. ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು: ನಮ್ಮ ರೈಲ್ವೆ ಸ್ಟೇಷನ್ನಿನಲ್ಲಿ ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಇದೆ, 1,507 ಮೀಟರ್. ಹುಬ್ಬಳ್ಳಿಯಲ್ಲಿ ಒಂದೂವರೆ ಕಿಲೋಮೀಟರ್ ಎಡವದೆ ನಡೆಯಬೇಕು ಅಂದರೆ ಅದೊಂದೇ ಜಾಗ, ಅದಕ್ಕೂ ಪ್ಲಾಟ್‌ಫಾರ್ಮ್ ಟಿಕೆಟ್ ತಗೋಬೇಕು.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಕಳ್ಳರ ಭಯ, ಪುಂಡರ ಭಯ ಅಂತ ನಾವು ಮಾತಾಡುತ್ತೇವೆ. ಗಾಡಿ ಬಂದು ಗುದ್ದುವುದನ್ನು ಸುರಕ್ಷತೆಯ ವಿಷಯ ಅಂತ ಯಾಕೋ ಅಂದುಕೊಳ್ಳುವುದಿಲ್ಲ. ರಾತ್ರಿ ಟ್ರಾನ್ಸ್‌ಫಾರ್ಮರ್ ಹತ್ತಿರ ರಸ್ತೆಗೆ ಇಳಿಯುವಾಗ ನನಗೆ ಎರಡೂ ಭಯ ಒಟ್ಟಿಗೇ ಇರುತ್ತವೆ.

"ಇದು ಬೆಂಗಳೂರಲ್ಲ, ನಮ್ಮೂರಾಗ ನಡೀತದ" ಅನ್ನುವವರು ಬಹಳ. ಬೆಂಗಳೂರು ಆಗಿಲ್ಲ ಅನ್ನುವುದಕ್ಕೇ ನಾನು ಹೇಳುತ್ತಿರುವುದು. 2011ರ ಜನಗಣತಿಯಲ್ಲಿ ಎರಡೂ ಊರು ಸೇರಿ ಒಂಬತ್ತೂವರೆ ಲಕ್ಷದ ಹತ್ತಿರ ಇದ್ದೆವು. ಇಷ್ಟು ಗಾತ್ರದ ಊರಿನಲ್ಲಿ ಶಾಲೆ, ಕಿರಾಣಿ, ಗುಡಿ, ಡಾಕ್ಟರು ಎಲ್ಲ ಇನ್ನೂ ನಡೆಯುವಷ್ಟು ಹತ್ತಿರದಲ್ಲೇ ಇವೆ. ಆದರೂ ಹಾಲಿನ ಪಾಕೀಟಿಗೆ ಆಕ್ಟಿವಾ ತೆಗೆಯುತ್ತೇವೆ. ಸೋಮಾರಿತನ ಅಂತ ಬೈಯುತ್ತಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. ನಡೆಯಲು ಜಾಗ ಇಲ್ಲದ ಕಡೆ ಗಾಡಿ ತೆಗೆಯುವವರು ಬುದ್ಧಿವಂತರು. ಆ ಬುದ್ಧಿವಂತರೆಲ್ಲ ಒಟ್ಟಿಗೆ ಚಿಗರಿ ಓಡುವ ಪಿ.ಬಿ. ರಸ್ತೆಗೆ ಬಂದಾಗ ಜಾಮ್ ಆಗುತ್ತದೆ, ಆಗ ಚಿಗರಿ ಲೇನಿನ ಮೇಲೆ ಕಣ್ಣು ಬೀಳುತ್ತದೆ.

ತಳ್ಳುಗಾಡಿ ವ್ಯಾಪಾರದವರನ್ನೆಲ್ಲ ಎಲ್ಲಿ ಬೇಕಾದರೂ ಬಿಟ್ಟುಬಿಡಿ ಅಂತಲೂ ನಾನು ಹೇಳುವುದಿಲ್ಲ. ಗಿರ್ಮಿಟ್ ಗಾಡಿ ಫುಟ್‌ಪಾತನ್ನೇ ತಿಂದರೆ ಅದೂ ತಪ್ಪೇ. ಅದಕ್ಕೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಪಟ್ಟಣ ವ್ಯಾಪಾರ ಸಮಿತಿ ಮಾಡಬೇಕು, ಅದರಲ್ಲಿ ಕನಿಷ್ಠ 40% ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮುಗಿಯದೆ ಯಾರನ್ನೂ ಎತ್ತಿಸಬಾರದು ಅಂತ ಅದರಲ್ಲೇ ಬರೆದಿದೆ. ಬಸ್ ನಿಲ್ದಾಣದ ಎದುರಿನ ತಿರುವುಗಳಲ್ಲಿ ಎರಡೆರಡು ಗಾಡಿಗೆ ಗೆರೆ ಎಳೆದು ಜಾಗ ಕೊಡಿ. ಬಾಡಿಗೆ ತಗೊಳ್ಳಿ, ಕಸದ ಡಬ್ಬಿ ಇಡಲು ಹೇಳಿ, ತಪ್ಪಿದರೆ ದಂಡ ಹಾಕಿ.

ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. 82 ವಾರ್ಡು ಯಾರಿಗೆ ಎಷ್ಟು, ಮೇಯರ್ ಯಾರು ಅನ್ನುವ ಮಾತು ಕಟ್ಟೆಕಟ್ಟೆಯಲ್ಲೂ ನಡೆದಿದೆ. ಒಂದಾಗಿರಲಿ, ಎರಡಾಗಲಿ, ನನ್ನದು ಒಂದೇ ಅರ್ಜಿ. ಚಿಗರಿಗೆ ಮೂವತ್ತಕ್ಕೂ ಹೆಚ್ಚು ನಿಲ್ದಾಣಗಳಿವೆ. ಒಂದೊಂದು ನಿಲ್ದಾಣದಿಂದ ಅರ್ಧ ಕಿಲೋಮೀಟರ್ ಒಳಗೆ ಹೋಗುವ ರಸ್ತೆಗಳನ್ನು ಮೊದಲು ಮುಗಿಸಿ. ಉರಿಯುವ ದೀಪ, ಅಲುಗಾಡದ ಫರಶಿ, ಕಂಟಿ ಬೆಳೆಸಿದ ಖಾಲಿ ಪ್ಲಾಟಿನ ಮಾಲೀಕರಿಗೆ ನೋಟಿಸು. ಇದಕ್ಕೆ ಡಿಪಿಆರ್ ಅನ್ನುವ ದಪ್ಪ ಯೋಜನಾ ವರದಿ ಬೇಡ, ವಿಶ್ವಬ್ಯಾಂಕೂ ಬೇಡ. ಮುಂದಿನ ವಾರ್ಡ್ ಸಭೆಗೆ ನಮ್ಮ ರಸ್ತೆಯ ಉರಿಯದ ಕಂಬಗಳ ನಂಬರ್ ಬರೆದುಕೊಂಡು ಹೋಗುತ್ತಿದ್ದೇನೆ. ನಿಮ್ಮ ಕಡೆಯವೂ ಇದ್ದರೆ ಕಂಬದ ನಂಬರ್ ಸಮೇತ ಕೆಳಗೆ ಹಾಕಿ. ಚಿಗರಿ ಲೇನಿನ ಜಗಳಕ್ಕೆ ಬೇರೆ ಪೋಸ್ಟುಗಳಿವೆ, ಅಲ್ಲಿ ಹೋಗಿ ಆಡಿ.