ಸೆನ್ಸಾರ್ ಮುದ್ರೆ ನಂಬಿ ಹಳೆ ಪತ್ರ ಕೊಳ್ಳಬೇಡಿ

ನ್ಯೂರೆಂಬರ್ಗ್ ಕೈದಿಗಳ (ಎರಡನೇ ಮಹಾಯುದ್ಧದ ನಂತರ ಅಲ್ಲಿ ವಿಚಾರಣೆಗೆ ಒಳಗಾದ ನಾಜಿ ನಾಯಕರ) ಪತ್ರದ ಮೇಲೆ ಜೈಲಿನ ಸೆನ್ಸಾರ್ ಮುದ್ರೆ ಇದ್ದರೆ ಆ ಪತ್ರ ಅಸಲಿ ಅಂತ ಒಂದು ಲೇಖನದಲ್ಲಿದೆ. ಒಪ್ಪಲಾರೆ, ರಬ್ಬರ್ ಮುದ್ರೆ ಮಾಡಿಸೋದು ಎಷ್ಟು ಹೊತ್ತಿನ ಕೆಲಸ? ಮೊದಲು ಕಾಗದ ನೋಡಿ. ಕತ್ತಲೆ ಕೋಣೆಯಲ್ಲಿ 365 ನ್ಯಾನೊಮೀಟರ್ ಯುವಿ (ನೇರಳಾತೀತ) ಟಾರ್ಚ್ ಬಿಟ್ಟಾಗ ಇಡೀ ಹಾಳೆ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕ, ಅಂದರೆ ಕಾಗದ ಹೆಚ್ಚು ಬೆಳ್ಳಗೆ ಕಾಣಲು ಬೆರೆಸುವ ರಾಸಾಯನಿಕ, ಇದೆ; 1945-46ರ ಕಾಗದಕ್ಕೆ ಅದು ಹೊಂದೋದಿಲ್ಲ. (395ರ ಅಗ್ಗದ ಟಾರ್ಚ್ ಬೇಡ, ಅದರ ನೇರಳೆ ಬೆಳಕೇ ಕಣ್ಣಿಗೆ ಮೋಸ ಮಾಡುತ್ತೆ.) 1983ರಲ್ಲಿ ಹಿಟ್ಲರ್ ಬರೆದದ್ದು ಅಂತ ಬಂದ ನಕಲಿ ಡೈರಿಗಳ ಬಣ್ಣ ಬಯಲು ಮಾಡಿದ್ದರಲ್ಲಿ ಈ ಬಿಳುಪುಕಾರಕವೂ ಒಂದು. ಹೊಳೆಯಲಿಲ್ಲ ಅಂದಮಾತ್ರಕ್ಕೆ ಗೆದ್ದಂತಲ್ಲ, ಆ ಕಾಲದ ಖಾಲಿ ಹಾಳೆ ಈಗಲೂ ಸಿಗುತ್ತೆ. ಆಗ 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು ಮಡಿಕೆ ನೋಡಿ. ಬರೆದ ಮೇಲೆ ಮಡಚಿದ್ದರೆ ಅಲ್ಲಿ ಅಕ್ಷರದ ಗೆರೆ ಬಿರಿದಿರುತ್ತೆ. ಸವೆದ ಮಡಿಕೆ ಮೇಲೆ ಈಚೆಗೆ ಬರೆದಿದ್ದರೆ ಶಾಯಿ ಸೀಳಿನೊಳಗೆ ಇಳಿದು ಹರಡಿರುತ್ತೆ.